ಮುದ್ದೆ ಬಿಟ್ಟ ಎಂಟು ತಿಂಗಳು

"ಅಲ್ಲ ಕಣವ್ವ, ಮುದ್ದೆ ಬುಟ್ಟು ಅದೇನ್ ತಿಂದೀಯೆ? ಬರೀ ಪಲ್ಯ ತಿಂದ್ರೆ ಜೀವ ನಿಂತ್ಕತ್ತದಾ?"

ನಾಲ್ಕು ವರ್ಷದ ಹಿಂದೆ ನಮ್ಮತ್ತೆ ಕೇಳಿದ ಮಾತಿದು. ಆಗ ನನಗೆ 47. ತೂಕ 76 ಕೆಜಿ, ರಕ್ತದ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.2. ಮಂಡ್ಯದ ಡಾಕ್ಟರು ಚೀಟಿ ನೋಡಿ, "ಇನ್ನೂ ಸಕ್ಕರೆ ಕಾಯಿಲೆ ಅಲ್ಲ ಮೇಡಂ, ಬಾಗಿಲಲ್ಲಿ ನಿಂತಿದೆ" ಎಂದರು. 5.7ರಿಂದ 6.4ರವರೆಗೆ ಇದ್ದರೆ ಹಾಗೆ. ಆ ಬಾಗಿಲಾಚೆ ಏನಿದೆ ಅನ್ನೋದನ್ನ ನಾನು ಕಣ್ಣಾರೆ ನೋಡಿದ್ದೆ. ನಮ್ಮಪ್ಪನ ಎಡಗಾಲಿನ ಎರಡು ಬೆರಳು ಸಕ್ಕರೆ ಕಾಯಿಲೆಗೆ ಹೋದವು. ಗದ್ದೆ ಬದುವಿನ ಮೇಲೆ ಬರಿಗಾಲಲ್ಲಿ ಓಡಾಡಿದ ಮನುಷ್ಯ ಕೊನೆಯ ಆರು ವರ್ಷ ಜಗಲಿಯಿಂದ ಇಳಿಯಲಿಲ್ಲ. ಹಾಗಾಗಿ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೈಸೂರಿನಲ್ಲಿರೋ ನನ್ನ ತಂಗಿ ಮಗ ಜಿಮ್‌ಗೆ ಹೋಗುವ ಹುಡುಗ. "ದೊಡ್ಡಮ್ಮ, ಪೇಲಿಯೋ ಮಾಡಿ. ಶಿಲಾಯುಗದವರು ಏನು ತಿಂತಿದ್ರೋ ಅದನ್ನ ಮಾತ್ರ ತಿನ್ನಬೇಕು" ಅಂದ. ಮಾಂಸ, ಮೀನು, ಮೊಟ್ಟೆ, ಸೊಪ್ಪು, ತರಕಾರಿ, ಹಣ್ಣು, ಬಾದಾಮಿ ಥರದ ಬೀಜಗಳು ಆಗುತ್ತವೆ. ಅಕ್ಕಿ, ಗೋಧಿ, ರಾಗಿ, ಬೇಳೆಕಾಳು, ಹಾಲು-ಮೊಸರು, ಸಕ್ಕರೆ, ಬೇಕರಿ ತಿಂಡಿ ಆಗೋಲ್ಲ. ಕಡ್ಲೇಕಾಯೂ ಆಗೋಲ್ಲ, ಯಾಕೆಂದರೆ ಅದೂ ಕಾಳಿನ ಜಾತಿ. ಬೇಸಾಯ ಶುರುವಾಗಿ ಹೆಚ್ಚುಕಮ್ಮಿ ಹತ್ತು ಸಾವಿರ ವರ್ಷ, ಅದಕ್ಕೆ ಮುಂಚೆ ಲಕ್ಷಾಂತರ ವರ್ಷ ಮನುಷ್ಯ ಬೇಟೆಯಾಡಿ, ಕಾಡಲ್ಲಿ ಹೆಕ್ಕಿ ತಿಂದು ಬದುಕಿದ, ನಮ್ಮ ಮೈ ಇನ್ನೂ ಆ ಊಟಕ್ಕೇ ಹೊಂದಿಕೊಂಡಿದೆ ಅನ್ನೋದು ಇದರ ವಾದ. ಅಮೆರಿಕದ ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ 1985ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ವಿಚಾರಕ್ಕೆ ವಿದ್ವಾಂಸರ ನಡುವೆ ಬೆಲೆ ಬಂತು.

ಎಂಟು ತಿಂಗಳು ನಾನು ಇದನ್ನು ಅಕ್ಷರಶಃ ಪಾಲಿಸಿದೆ. ಬೆಳಿಗ್ಗೆ ಎರಡು ನಾಟಿ ಮೊಟ್ಟೆ, ಜೊತೆಗೆ ಸೊಪ್ಪಿನ ಪಲ್ಯ. ಮಧ್ಯಾಹ್ನ ಕೆರೆ ಮೀನೋ ಕೋಳಿಯೋ, ಒಂದು ತಟ್ಟೆ ತುಂಬ ತರಕಾರಿ. ರಾತ್ರಿ ಮತ್ತೆ ತರಕಾರಿ. ಮನೆ ಹಸುವಿನ ಹಾಲನ್ನು ಪೂರ್ತಿ ಡೈರಿಗೆ ಹಾಕಿಸಿ ನಾನು ಕರಿ ಕಾಫಿ ಕುಡಿದೆ. ಮೊದಲ ಹತ್ತು ದಿನ ತಲೆನೋವು, ಸಿಡಿಮಿಡಿ, ಮಧ್ಯಾಹ್ನ ನಾಲ್ಕಾದರೆ ಕೈ ತಾನಾಗಿ ಬಿಸ್ಕತ್ ಡಬ್ಬಿ ಹುಡುಕೋದು. ಮೂರನೇ ವಾರದಿಂದ ಊಟ ಆದ ಮೇಲೆ ಬರುತ್ತಿದ್ದ ತೂಕಡಿಕೆ ನಿಂತಿತು. ಎಂಟು ತಿಂಗಳಿಗೆ ತೂಕ 67, ಎಚ್‌ಬಿಎ1ಸಿ 5.6. ಆ ಚೀಟಿ ಹಿಡಿದುಕೊಂಡು ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಅತ್ತಿದ್ದೇನೆ.

ಆದ್ದರಿಂದ ಪೇಲಿಯೋ ಸುಳ್ಳು ಅಂತ ನಾನು ಯಾವತ್ತೂ ಹೇಳೋದಿಲ್ಲ. ಆದರೆ ನನ್ನನ್ನು ಕಾಪಾಡಿದ್ದು ಅದರಲ್ಲಿ ಯಾವುದು? ಇದನ್ನು ಬಹಳ ದಿನ ಯೋಚಿಸಿದೆ.

ಅದಕ್ಕೆ ಮುಂಚಿನ ನನ್ನ ಒಂದು ದಿನವನ್ನು ಹೇಳಿಬಿಡುತ್ತೇನೆ. ಬೆಳಿಗ್ಗೆ ಚಿತ್ರಾನ್ನ ಅಥವಾ ತಟ್ಟೆ ಇಡ್ಲಿ. ಹನ್ನೊಂದಕ್ಕೆ ಕಾಫಿ, ಬಿಸ್ಕತ್ತು. ಮಧ್ಯಾಹ್ನ ಬೆಳ್ಳಗಿನ ಸೋನಾ ಮಸೂರಿ ಅನ್ನ, ಸಾರು, ಮತ್ತೆ ಅನ್ನ, ಮಜ್ಜಿಗೆ. ಸಂಜೆ ಮದ್ದೂರು ವಡೆಯೋ ಬೋಂಡವೋ. ರಾತ್ರಿ ಮುದ್ದೆ, ಅದರ ಮೇಲೆ ಇನ್ನೊಂದು ಸುತ್ತು ಅನ್ನ. ದಿನಕ್ಕೆ ಐದು ಲೋಟ ಕಾಫಿ-ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಒಂದು ಚಮಚಕ್ಕೆ 5 ಗ್ರಾಂ ಅಂದರೂ ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕೆಜಿ ಸಕ್ಕರೆ ಬರೀ ಲೋಟದಿಂದಲೇ ಒಳಗೆ ಹೋಗುತ್ತಿತ್ತು. ದಿನಕ್ಕೆ 25 ಗ್ರಾಂ ದಾಟದಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಡೀ ದಿನದಲ್ಲಿ ಸೊಪ್ಪು ಎಷ್ಟು? ಸಾರಿನಲ್ಲಿ ತೇಲುವಷ್ಟು. ಮೊಟ್ಟೆ, ಮಾಂಸ, ಕಾಳು ಎಷ್ಟು? ಭಾನುವಾರದ ಪಾಲು ಬಿಟ್ಟರೆ ಇಲ್ಲವೇ ಇಲ್ಲ ಅನ್ನಬಹುದು.

ಪೇಲಿಯೋ ಇದನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕಿತು. ಆದರೆ ಅದರ ಜೊತೆಗೆ ಹುರಳಿಕಾಳನ್ನೂ ತೆಗೆದಿತ್ತು, ಮಜ್ಜಿಗೆಯನ್ನೂ ತೆಗೆದಿತ್ತು. ತಪ್ಪು ಮಾಡಿದವರ ಜೊತೆ ಪಕ್ಕದ ಮನೆಯವರನ್ನೂ ಊರಿಂದಾಚೆ ಹಾಕಿದ ಹಾಗೆ.

ಒಂಬತ್ತನೇ ತಿಂಗಳಿಗೆ ಸಂಕ್ರಾಂತಿ ಬಂತು. ಅವರೇಕಾಯಿ ಕಾಲ. ನಮ್ಮತ್ತೆ ಜಗಲಿ ಮೇಲೆ ಕೂತು ಬುಟ್ಟಿಗಟ್ಟಲೆ ಹಿತಕುಬೇಳೆ ಹಿತಕ್ತಾ ಇದ್ದರು. ಮನೆಮಂದಿಯೆಲ್ಲ ಮುದ್ದೆ ಮುರಿದು ಉಣ್ಣುವಾಗ ನಾನು ಒಬ್ಬಳೇ ಅಡುಗೆಮನೆಯಲ್ಲಿ ಮೀನು ಬಿಸಿ ಮಾಡಿಕೊಳ್ಳುತ್ತಿದ್ದೆ. ಎಂಟು ತಿಂಗಳು ದಿನಾ ಎರಡು ಅಡುಗೆ ಮಾಡಿ ಸೊಂಟ ಬಿದ್ದಿತ್ತು. ಬಾದಾಮಿ, ಬೆಣ್ಣೆಹಣ್ಣು, ಮೀನು ಅಂತ ತಿಂಗಳ ಖರ್ಚು ಏರಿತ್ತು. ಜೀವಮಾನವಿಡೀ ಹೀಗೆ ನಡೆಸೋಕೆ ಆಗೋದಿಲ್ಲ ಅಂತ ಅವತ್ತು ಒಪ್ಪಿಕೊಂಡೆ.

ಇದು ನನ್ನೊಬ್ಬಳ ಕಥೆಯಲ್ಲ ಅಂತ ಆಮೇಲೆ ಓದಿ ತಿಳಿಯಿತು. ಸ್ವೀಡನ್ನಿನ ಉಮಿಯೋದಲ್ಲಿ ಮುಟ್ಟು ನಿಂತ, ತೂಕ ಹೆಚ್ಚಿದ್ದ 70 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪೇಲಿಯೋ, ಇನ್ನೊಂದಕ್ಕೆ ಅಲ್ಲಿನ ಮಾಮೂಲಿ ಆಹಾರ ಸಲಹೆ ಕೊಟ್ಟು ಎರಡು ವರ್ಷ ನೋಡಿದರು. 2014ರಲ್ಲಿ ಫಲಿತಾಂಶ ಬಂತು. ಆರು ತಿಂಗಳಲ್ಲಿ ಪೇಲಿಯೋದವರ ಕೊಬ್ಬು ಇನ್ನೊಂದು ಗುಂಪಿನವರಿಗಿಂತ ಚೆನ್ನಾಗಿ ಕರಗಿತ್ತು. ಎರಡು ವರ್ಷ ಆಗುವ ಹೊತ್ತಿಗೆ ಆ ಅಂತರ ಬಹಳ ಕಡಿಮೆಯಾಗಿತ್ತು. ಆರು ತಿಂಗಳ ಊಟವನ್ನು ಇಪ್ಪತ್ತು ವರ್ಷದ ಊಟ ಮಾಡಿಕೊಳ್ಳುವುದೇ ಕಷ್ಟದ ಕೆಲಸ.

ಇನ್ನೊಂದು ವಿಷಯ ನನ್ನ ಕಣ್ಣು ತೆರೆಸಿತು. ಅದೇ ಸ್ವೀಡನ್ನಿನ ಸ್ಟಾಫಾನ್ ಲಿಂಡೆಬರ್ಗ್ ಎಂಬ ವೈದ್ಯರು ಪಾಪುವಾ ನ್ಯೂಗಿನಿಯ ಕಿತಾವಾ ದ್ವೀಪದ ಜನರನ್ನು ಪರೀಕ್ಷಿಸಿದ್ದರು. ಅವರ ಊಟ ಹೆಚ್ಚಾಗಿ ಗೆಣಸು, ಕೆಸವಿನ ಗೆಡ್ಡೆ, ಹಣ್ಣು, ತೆಂಗಿನಕಾಯಿ, ಮೀನು. ಹಿಟ್ಟಿನ ಅಂಶವೇ, ಅಂದರೆ ಪಿಷ್ಟವೇ ಜಾಸ್ತಿ. ಆದರೂ ಹೃದಯದ ಕಾಯಿಲೆ, ಲಕ್ವ ಅಲ್ಲಿ ಕಾಣಸಿಗಲಿಲ್ಲ. ಇಸ್ರೇಲಿನ ಗಲಿಲೀ ಕೆರೆ ದಡದ ಓಹಾಲೋ ಎಂಬಲ್ಲಿ 23,000 ವರ್ಷ ಹಿಂದಿನ ಬೇಟೆಗಾರರ ಗುಡಿಸಲು ಸಿಕ್ಕಿವೆ. ಅಲ್ಲಿ ಕಾಡು ಬಾರ್ಲಿಯ ಕಾಳೂ ಇತ್ತು, ಅರೆಯುವ ಕಲ್ಲೂ ಇತ್ತು. ಅಂದರೆ ಶಿಲಾಯುಗದವರು ಧಾನ್ಯ ಮುಟ್ಟಲಿಲ್ಲ ಅನ್ನೋ ಮಾತು ನಿಲ್ಲೋದಿಲ್ಲ.

ನಮ್ಮ ಸೀಮೆಯ ಹೊಟ್ಟೆ ಕೆಟ್ಟದ್ದು ಯಾವಾಗ ಅಂತ ಹುಡುಕೋಕೆ ಹತ್ತು ಸಾವಿರ ವರ್ಷ ಹಿಂದೆ ಹೋಗಬೇಕಿಲ್ಲ, ನೂರು ವರ್ಷ ಸಾಕು ಅಂತ ನನ್ನ ನಂಬಿಕೆ. ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್ ಅಣೆಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ. ಆಮೇಲೆ ಇರ್ವಿನ್ ನಾಲೆ, ಈಗ ನಾವು ವಿಶ್ವೇಶ್ವರಯ್ಯ ನಾಲೆ ಅನ್ನೋದು, ಮಂಡ್ಯದ ಬೆದ್ದಲಿಗೆ ನೀರು ತಂದಿತು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. ಅದಕ್ಕೆ ಮುಂಚೆ ಈ ನೆಲದಲ್ಲಿ ರಾಗಿ, ಹುರಳಿ, ಅವರೆ. ಅನ್ನ ಅಂದರೆ ಹಬ್ಬ. ನಮ್ಮತ್ತೆಯ ಅವ್ವ ಮನೆಗೆ ನೆಂಟರು ಬಂದರೆ ಮಾತ್ರ ಅಕ್ಕಿ ತೆಗೀತಿದ್ದರಂತೆ. ನಾನು ನಾಲೆಯನ್ನು ದೂರುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಆ ನೀರೇ ನಮ್ಮಪ್ಪನನ್ನು ಓದಿಸಿದ್ದು, ನನ್ನನ್ನೂ ಓದಿಸಿದ್ದು. ನಾಲೆಗೆ ಮುಂಚೆ ಬರ ಬಂದರೆ ಉಪವಾಸ ಬೀಳುತ್ತಿದ್ದ ಮನೆಗಳ ಕಥೆಯನ್ನೂ ಕೇಳಿದ್ದೇನೆ. ಆದರೆ ಹಬ್ಬದ ಊಟ ದಿನದ ಊಟ ಆಯಿತು. ಅದೇ ಹೊತ್ತಿಗೆ ನೇಗಿಲು, ಗುದ್ದಲಿ, ಒರಳು, ಬೀಸೋಕಲ್ಲು ಒಂದೊಂದಾಗಿ ಮೂಲೆ ಸೇರಿದವು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು, ನನ್ನ ಥರ ಬಾಗಿಲಲ್ಲಿ ನಿಂತವರು 13 ಕೋಟಿಗೂ ಹೆಚ್ಚು.

ಹಾಗಾಗಿ ಸಂಕ್ರಾಂತಿ ಆದ ಮೇಲೆ ನಾನು ಪೇಲಿಯೋದ ಬೆನ್ನೆಲುಬನ್ನು ಉಳಿಸಿಕೊಂಡು ನಮ್ಮ ಒಲೆಗೆ ವಾಪಸ್ ಬಂದೆ. ಸಕ್ಕರೆ, ಮೈದಾ, ಬೇಕರಿ, ಕರಿದದ್ದು ಇವತ್ತಿಗೂ ಇಲ್ಲ. ಬಿಳಿ ಅನ್ನ ವಾರಕ್ಕೆ ಎರಡು ಸಲ, ಒಂದು ಸೌಟು. ತಟ್ಟೆಯಲ್ಲಿ ಅರ್ಧ ಭಾಗ ಸೊಪ್ಪು-ತರಕಾರಿ. ಇದಕ್ಕೆ ಬಸ್ಸಾರಿಗಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ: ಬೆರಕೆ ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ, ಬಸಿದ ನೀರಿಗೆ ಖಾರ ಅರೆದು ಹಾಕಿ ಸಾರು, ಬಸಿದುಳಿದದ್ದು ಪಲ್ಯ. ಮುಂಚೆ ನಾವು ಸಾರು ಸುರಿದುಕೊಂಡು ಪಲ್ಯವನ್ನು ತಟ್ಟೆ ಅಂಚಿಗೆ ಹಾಕಿಕೊಳ್ಳುತ್ತಿದ್ದೆವು. ಈಗ ನನ್ನ ತಟ್ಟೆಯಲ್ಲಿ ಪಲ್ಯವೇ ಊಟ, ಮುದ್ದೆ ಅದರ ಪಕ್ಕ. ಕಿತ್ತಳೆ ಹಣ್ಣಿನ ಗಾತ್ರದ್ದು, ಒಂದೇ.

ಮುದ್ದೆ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ರಾಗಿ ಅಂದ ತಕ್ಷಣ ಎಷ್ಟು ತಿಂದರೂ ಸಕ್ಕರೆ ಏರೋಲ್ಲ ಅಂತ ನಮ್ಮ ಕಡೆ ನಂಬಿದ್ದಾರೆ. ತಪ್ಪು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶ (ಕ್ಯಾಲ್ಸಿಯಂ) ಇದೆ, ನಾರೂ ಇದೆ, ನಿಜ. ಆದರೆ ಬಹುಪಾಲು ಪಿಷ್ಟವೇ, ಹೊಟ್ಟೆಗೆ ಹೋದ ಮೇಲೆ ಅದೂ ಸಕ್ಕರೆಯೇ ಆಗುತ್ತದೆ. ನುಣ್ಣಗೆ ಬೀಸಿದ ಹಿಟ್ಟಿನ ಅಂಬಲಿಗೆ ಬೆಲ್ಲ ಹಾಕಿ ಕುಡಿದು, ಶುಗರ್‌ಗೆ ಒಳ್ಳೆಯದು ಅನ್ನೋರನ್ನ ಕಂಡರೆ ಸಂಕಟ ಆಗುತ್ತೆ. ಬೆಲ್ಲವೂ ಸಕ್ಕರೆಯೇ. ಆಲೆಮನೆ ಊರಿನವಳಾಗಿ ಇದನ್ನು ಹೇಳೋಕೆ ನನಗೆ ಕಷ್ಟ, ಆದರೂ ಹೇಳುತ್ತೇನೆ.

ಕಾಳನ್ನು ಮಾತ್ರ ನಾನು ಯಾರ ಮಾತಿಗೂ ಬಿಡೋಳಲ್ಲ. ಕಾಳಿನಲ್ಲಿ ವಿಷದ ಅಂಶ ಇದೆ ಅಂತ ಪೇಲಿಯೋದವರು ಹೆದರಿಸುತ್ತಾರೆ. ನೆನೆಹಾಕಿ, ಮೊಳಕೆ ಕಟ್ಟಿ, ಚೆನ್ನಾಗಿ ಬೇಯಿಸಿದರೆ ಅದರ ಬಹುಪಾಲು ಹೋಗುತ್ತದೆ. ನಮ್ಮ ಅಜ್ಜಿಯರು ಹುರಳಿ ಮೊಳಕೆ ಕಟ್ಟಿ ಬಟ್ಟೆಯಲ್ಲಿ ಗಂಟು ಹಾಕಿ ಇಡುತ್ತಿದ್ದದ್ದು ರುಚಿಗೊಂದೇ ಅಲ್ಲ. 60 ಕೆಜಿ ತೂಗುವವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗೋದು 6 ಗ್ರಾಂ, ನೂರು ಗ್ರಾಂ ಒಣ ಹುರಳಿಯಲ್ಲಿ 20ಕ್ಕೂ ಹೆಚ್ಚು. ಮಾಂಸ ತಿನ್ನದ ಮನೆಗಳಿಗೆ ಕಾಳೂ ಬೇಡ, ಮೊಸರೂ ಬೇಡ ಅಂದರೆ ಅವರು ಎಲ್ಲಿಗೆ ಹೋಗಬೇಕು?

ಹೊತ್ತು ಮುಳುಗಿ ಒಂದು ಗಂಟೆಯೊಳಗೆ ಊಟ ಮುಗಿಸುತ್ತೇನೆ. ಬೆಳಿಗ್ಗೆ ಸ್ಟೇಡಿಯಂನಲ್ಲಿ ನಲವತ್ತು ನಿಮಿಷ ನಡಿಗೆ, ಮೈಸೂರಿಗೆ ಹೋದಾಗ ಕುಕ್ಕರಹಳ್ಳಿ ಕೆರೆ. ವಾರಕ್ಕೆ ಮೂರು ದಿನ ಎರಡು ಬಿಂದಿಗೆ ನೀರು ಹಿಡಿದು ಮಹಡಿ ಮೆಟ್ಟಿಲು ಹತ್ತಿಳಿಯುತ್ತೇನೆ. ಊಟ ಆದ ಮೇಲೆ ರಕ್ತಕ್ಕೆ ಸೇರೋ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಬಳಸೋದು ಮಾಂಸಖಂಡ. ಐವತ್ತು ದಾಟಿದ ಹೆಂಗಸರು ತೂಕ ಇಳಿಸೋಕೆ ಪಡುವ ಪಾಡಿನ ಅರ್ಧವನ್ನಾದರೂ ತೋಳು-ತೊಡೆ ಗಟ್ಟಿ ಮಾಡಿಕೊಳ್ಳೋಕೆ ಪಡಬೇಕು.

ಮಾತ್ರೆ, ಇನ್ಸುಲಿನ್ ತಗೊಳ್ಳೋರು ಇದನ್ನು ಓದಿ ನಾಳೆಯೇ ಅನ್ನ-ಮುದ್ದೆ ನಿಲ್ಲಿಸಬೇಡಿ. ನಮ್ಮ ಭಾವ ನನ್ನನ್ನು ನೋಡಿ, ಡಾಕ್ಟರಿಗೆ ಹೇಳದೆ ಒಂದೇ ದಿನಕ್ಕೆ ಎಲ್ಲ ಬಿಟ್ಟರು, ಮಾತ್ರೆ ಮಾತ್ರ ಹಾಗೇ ನುಂಗಿದರು. ಮೂರನೇ ಬೆಳಿಗ್ಗೆ ಮೈಯೆಲ್ಲ ಬೆವೆತು ಕೈ ನಡುಗಿ ಬಚ್ಚಲುಮನೆ ಬಾಗಿಲಲ್ಲಿ ಕುಸಿದರು. ಅಕ್ಕ ಸಕ್ಕರೆ ನೀರು ಕುಡಿಸಿದ್ದರಿಂದ ಉಳಿದರು. ಊಟ ಕಡಿಮೆಯಾದರೆ ಮಾತ್ರೆಯೂ ಕಡಿಮೆಯಾಗಬೇಕು, ಅದನ್ನು ಡಾಕ್ಟರೇ ಮಾಡಬೇಕು. ಕಿಡ್ನಿ ತೊಂದರೆ ಇದ್ದವರು ಮಾಂಸ-ಮೊಟ್ಟೆ ಹೆಚ್ಚು ಮಾಡುವ ಮುಂಚೆಯೂ ಅಷ್ಟೇ, ಕೇಳಿಯೇ ಮಾಡಿ.

ಎಚ್‌ಬಿಎ1ಸಿ ಹಿಂದಿನ ಎರಡು-ಮೂರು ತಿಂಗಳ ಲೆಕ್ಕ ಹೇಳುತ್ತದೆ. ಹದಿನೈದು ದಿನಕ್ಕೆ ಪರೀಕ್ಷೆ ಮಾಡಿಸಿ ಬೇಸರಪಟ್ಟುಕೊಳ್ಳಬೇಡಿ. ಮುದ್ದೆಗೆ ಮರಳಿ ಮೂರು ವರ್ಷ ದಾಟಿದೆ. ಹೋದ ತಿಂಗಳು ನನ್ನದು 5.5, ತೂಕ 66. ಮುಂದಿನ ಪರೀಕ್ಷೆ ದೀಪಾವಳಿ ಆದ ಮೇಲೆ. ಏರಿದ್ದರೂ ಇಳಿದಿದ್ದರೂ ಇಲ್ಲೇ ಬರೆಯುತ್ತೇನೆ.