ತುಂಬಾ ಉಪಯುಕ್ತ, ಸೇವ್ ಮಾಡಿಟ್ಕೊಳ್ಳಿ!

ಹೊಸದೇನಾದರೂ ಕಲಿಯಬೇಕು ಅನ್ನುವ ಆಸೆ ಬಂದರೆ ಬರಲಿ, ತಪ್ಪೇನಿಲ್ಲ. ಆದರೆ ಅದನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾತ್ರ ಬಾಯಿಬಿಟ್ಟು ಹೇಳಬಾರದು. ಹೇಳಿದಿರೋ, ಕೆಟ್ಟಿರಿ. ಅರ್ಧ ಗಂಟೆಯೊಳಗೆ ನಿಮ್ಮ ಫೋನಿನ ತುಂಬಾ ಜ್ಞಾನ ಬಂದು ಬಿದ್ದಿರುತ್ತದೆ. ತಲೆಯಲ್ಲಿ ಮಾತ್ರ ಮೊದಲು ಎಷ್ಟಿತ್ತೋ ಅಷ್ಟೇ.

ಮೊನ್ನೆ ನಾನು ಕೇಳಿದ್ದು ಒಂದೇ ಒಂದು ಲಿಂಕ್. ಎಕ್ಸೆಲ್‌ನಲ್ಲಿ ಪಿವೋಟ್ ಟೇಬಲ್, ಅಂದರೆ ಉದ್ದದ ಪಟ್ಟಿಯನ್ನು ಗುಂಪು ಮಾಡಿ ಲೆಕ್ಕ ತೋರಿಸುವ ಕೋಷ್ಟಕ, ಮಾಡುವುದನ್ನು ಸರಳವಾಗಿ ಹೇಳಿಕೊಡುವ ಒಂದು ಪುಟ, ಇಲ್ಲಾಂದ್ರೆ ಒಂದು ಚಿಕ್ಕ ವಿಡಿಯೊ. ‘ಯಾರಾದ್ರೂ ನೋಡಿ ಕಲಿತಿದ್ದರೆ ಕಳಿಸಿ’ ಅಂತ ನಮ್ಮ ಕಲಿಕೆಯ ಗುಂಪಿನಲ್ಲಿ ಹಾಕಿದೆ. ಗೊತ್ತಿದ್ದವರೆಲ್ಲ ಸುಮ್ಮನಿದ್ದರು. ಲಿಂಕಪ್ಪನವರು ಎದ್ದು ಕೂತರು.

ಅವರ ನಿಜವಾದ ಹೆಸರು ಬೇರೆ. ಈ ಹೆಸರು ಗುಂಪಿನಲ್ಲಿ ತಾನಾಗಿ ಹುಟ್ಟಿಕೊಂಡದ್ದು, ಅವರೊಬ್ಬರಿಗೆ ಬಿಟ್ಟು ಎಲ್ಲರಿಗೂ ಗೊತ್ತು. ಒಳ್ಳೆ ಮನುಷ್ಯ. ಯಾರ ಬಗ್ಗೆಯೂ ಕೆಟ್ಟ ಮಾತಾಡುವುದಿಲ್ಲ, ಏನು ಕೇಳಿದರೂ ಇಲ್ಲ ಅನ್ನುವುದಿಲ್ಲ. ಅದೇ ತೊಂದರೆ. ಸಾಲಾಗಿ ಲಿಂಕುಗಳು ಬರತೊಡಗಿದವು. ಪ್ರತಿಯೊಂದರ ಮೇಲೂ ಒಂದೇ ಸಾಲು: ‘ತುಂಬಾ ಉಪಯುಕ್ತ, ಸೇವ್ ಮಾಡಿಟ್ಕೊಳ್ಳಿ.’ ಯಾರಿಗೆ ಉಪಯುಕ್ತ, ಯಾತಕ್ಕೆ ಉಪಯುಕ್ತ, ಅದರಲ್ಲಿ ಏನಿದೆ, ಓದೋಕೆ ಎಷ್ಟು ಹೊತ್ತು ಬೇಕು, ಒಂದೂ ಇಲ್ಲ. ‘ಓದಿ’ ಅಂತಲೂ ಇಲ್ಲ ನೋಡಿ. ‘ಸೇವ್ ಮಾಡಿ’. ಓದೋದನ್ನ ಯಾರೂ ಯಾರಿಂದಲೂ ಬಯಸುತ್ತಿಲ್ಲ.

ಮೊದಲನೆಯದನ್ನು ಒತ್ತಿದೆ. ಅದು ‘ಎಕ್ಸೆಲ್ ಕಲಿಯಲು ನೂರು ಅತ್ಯುತ್ತಮ ಲಿಂಕುಗಳು’. ಅಂದರೆ ಇನ್ನೊಬ್ಬ ಲಿಂಕಪ್ಪ. ಎರಡನೆಯದು ಲಾಗಿನ್ ಆಗಿ ಅಂತು, ಲಾಗಿನ್ ಆದರೆ ದುಡ್ಡು ಕಟ್ಟಿ ಅಂತು. ಮೂರನೆಯದು ಒಂದು ವಿಡಿಯೊ, ನಾಲ್ಕು ಗಂಟೆಗಿಂತ ಜಾಸ್ತಿ. ಪಿವೋಟ್ ಟೇಬಲ್ ಅದರಲ್ಲಿ ಎಲ್ಲೋ ಇರಬೇಕು, ಹುಡುಕಿಕೊಳ್ಳಿ. ನಾಲ್ಕನೆಯದು 404, ಅಂದರೆ ಆ ಪುಟವೇ ಇಲ್ಲ. ಒಂದಂತೂ ಪಿವೋಟ್ ಟೇಬಲ್ ಯಾಕೆ ಬಳಸಬಾರದು ಅಂತ ವಾದ ಮಾಡುವ ಲೇಖನ. ಕೊನೆಗೆ ನಾನೇ ಎಕ್ಸೆಲ್ ತೆರೆದು, ಪಟ್ಟಿಯನ್ನು ಆರಿಸಿ, ಇನ್ಸರ್ಟ್ ಒತ್ತಿ, ಮೊದಲ ಸಾಲಿನಲ್ಲಿ ಎಲ್ಲ ಕಾಲಮ್ಮಿಗೂ ಹೆಸರಿರಬೇಕು ಅನ್ನುವುದನ್ನು ಬೈಸಿಕೊಂಡು ತಿಳಿದುಕೊಂಡು ಕೆಲಸ ಮುಗಿಸಿದೆ. ಬೈದದ್ದು ಎಕ್ಸೆಲ್. ಒಂದು ಕಾಲಮ್ಮಿಗೆ ತಲೆಬರಹ ಇಲ್ಲದಿದ್ದರೂ ಅದು ಒಪ್ಪುವುದಿಲ್ಲ. ಈ ಒಂದು ಸಾಲನ್ನು ಯಾರಾದರೂ ಬರೆದು ಕಳಿಸಿದ್ದರೆ ಸಾಕಿತ್ತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಲಿಂಕುಗಳ ಉದ್ದ ನೋಡಿ ನನಗೆ ತಡೆಯಲಾಗಲಿಲ್ಲ. ಹನುಮಂತನ ಬಾಲದ ಹಾಗೆ ಪರದೆಯ ತುಂಬಾ ಸುತ್ತಿಕೊಂಡಿದ್ದವು. ಒಂದು ಲಿಂಕ್ ಮುಗಿಯಿತು ಅನ್ನುವಷ್ಟರಲ್ಲಿ ‘ಯುಟಿಎಂ ಸೋರ್ಸ್’, ‘ಯುಟಿಎಂ ಮೀಡಿಯಂ’ ಅಂತ ಇನ್ನೂ ನಾಲ್ಕು ಸಾಲು. ಈ ಯುಟಿಎಂ ಅನ್ನುವುದು ಅರ್ಚಿನ್ ಅನ್ನುವ ಹಳೆಯ ಕಂಪನಿಯಿಂದ ಬಂದದ್ದು. 2005ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು, ವೆಬ್ ತಾಣಕ್ಕೆ ಬಂದುಹೋಗುವವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಅದರಿಂದಲೇ ಬೆಳೆಯಿತು. ನೀವು ಎಲ್ಲಿಂದ ಬಂದಿರಿ, ಯಾವ ಜಾಹೀರಾತು ಒತ್ತಿ ಬಂದಿರಿ ಅಂತ ಆ ಪುಟದವರಿಗೆ ಚಾಡಿ ಹೇಳುವುದಷ್ಟೇ ಅದರ ಕೆಲಸ. ಕತ್ತರಿಸಿ ಹಾಕಿದರೂ ಪುಟ ಬಂದೇ ಬರುತ್ತದೆ.

‘ಸರ್, ಯುಟಿಎಂ ಅಂತ ಇರೋ ಕಡೆಯಿಂದ ಮುಂದಿನದೆಲ್ಲ ತೆಗೆದು ಕಳಿಸಿ, ಚೊಕ್ಕವಾಗಿರುತ್ತೆ’ ಅಂದೆ.

‘ಓಹೋ, ಹಾಗಾ! ಒಳ್ಳೇದಾಯ್ತು ಹೇಳಿದ್ದು’ ಅಂದರು ಲಿಂಕಪ್ಪನವರು.

ಆ ದಿನ ರಾತ್ರಿ ಅವರು ನಿದ್ದೆ ಮಾಡಿದಂತಿಲ್ಲ. ವರ್ಷಗಟ್ಟಲೆ ಕೂಡಿಟ್ಟಿದ್ದ ತಮ್ಮ ಇಡೀ ಸಂಗ್ರಹವನ್ನು ಹೊರಗೆ ತೆಗೆದು ಚೊಕ್ಕ ಮಾಡಿದ್ದಾರೆ. ಯುಟಿಎಂ ಎಲ್ಲಿದೆ ಅಂತ ಹುಡುಕುವ ಕಷ್ಟ ಯಾಕೆ ಅಂತ ತಾವೇ ಒಂದು ಸುಲಭದ ದಾರಿ ಕಂಡುಕೊಂಡರು. ಎಲ್ಲ ಲಿಂಕುಗಳಲ್ಲೂ ಪ್ರಶ್ನಾರ್ಥಕ ಚಿಹ್ನೆ ಇರುತ್ತಲ್ಲ, ಅಲ್ಲಿಂದಲೇ ಕಚಕ್.

ಸಾಮಾನ್ಯ ಲೇಖನಗಳಿಗೆ ಇದು ಬಹುಮಟ್ಟಿಗೆ ನಡೆಯುತ್ತದೆ. ಆದರೆ ಕಂಪ್ಯೂಟರಿನ ಬ್ರೌಸರ್‌ನಿಂದ ನಕಲು ಮಾಡಿದ ಯೂಟ್ಯೂಬ್ ಲಿಂಕಿನಲ್ಲಿ ವಿಡಿಯೊದ ಗುರುತು ಇರುವುದೇ ಪ್ರಶ್ನಾರ್ಥಕದ ಆಚೆ. ಮೊಬೈಲ್ ಆ್ಯಪ್‌ನಿಂದ ಬರುವ ಚಿಕ್ಕ ಲಿಂಕಿನಲ್ಲಾದರೆ ಗುರುತು ಈಚೆ ಇರುತ್ತದೆ, ಕತ್ತರಿಸಿದರೂ ಬದುಕುತ್ತದೆ. ಲಿಂಕಪ್ಪನವರು ಯಾವತ್ತೂ ಕಂಪ್ಯೂಟರಿನ ಮುಂದೆ ಕೂತು ಶ್ರದ್ಧೆಯಿಂದ ಸಂಗ್ರಹಿಸುವವರು. ಹಾಗಾಗಿ ಬೆಳಿಗ್ಗೆ ಗುಂಪಿಗೆ ಬಂದ ‘ಪರಿಷ್ಕೃತ ಜ್ಞಾನಭಂಡಾರ’ದಲ್ಲಿ ‘ಇತಿಹಾಸ’ ಅಂತ ಹೆಸರಿಟ್ಟ ವಿಡಿಯೊ, ‘ಇಂಗ್ಲಿಷ್ ವ್ಯಾಕರಣ’ ಅಂತ ಹೆಸರಿಟ್ಟ ವಿಡಿಯೊ, ‘ಬೀಜಗಣಿತ ಭಾಗ ಎರಡು’, ‘ಧ್ಯಾನ ಮಾಡುವ ಬಗೆ’, ಎಲ್ಲದರ ಲಿಂಕೂ ಅಕ್ಷರ ಬಿಡದಂತೆ ಒಂದೇ. ಯಾವುದನ್ನು ಒತ್ತಿದರೂ ಯೂಟ್ಯೂಬಿನ ಮುಖಪುಟ. ಅಲ್ಲಿ ಹೋದರೆ ಅದು ನಿಮಗೆ ಏನು ತೋರಿಸಬೇಕೋ ಅದನ್ನು ತೋರಿಸುತ್ತದೆ. ನನಗೆ ಬೆಕ್ಕು ಬೀರುವಿನ ಮೇಲಿಂದ ಬೀಳುವುದನ್ನು ತೋರಿಸಿತು.

ಈಗ ಯಾರಾದರೂ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ಕಾದೆ.

ಮೊದಲು ಬಂದದ್ದು ಹೆಬ್ಬೆಟ್ಟು. ಆಮೇಲೆ ಕೈಮುಗಿದ ಚಿತ್ರ. ‘ಅದ್ಭುತ ಸಂಗ್ರಹ ಸರ್, ನಿಮ್ಮ ತಾಳ್ಮೆಗೆ ನಮೋ ನಮಃ’ ಅಂತ ಒಬ್ಬರು. ‘ಮಕ್ಕಳಿಗೆ ತೋರಿಸಿದೆ, ತುಂಬಾ ಖುಷಿಪಟ್ರು’ ಅಂತ ಇನ್ನೊಬ್ಬರು. ಇದು ಸುಳ್ಳಾಗಿರಲಿಕ್ಕಿಲ್ಲ. ಮಕ್ಕಳಿಗೆ ಯೂಟ್ಯೂಬಿನ ಮುಖಪುಟ ಕೊಟ್ಟರೆ ಖುಷಿಪಡದೆ ಏನು ಮಾಡುತ್ತವೆ? ಆದರೆ ಮೂರನೆಯವರ ಮಾತು ಮಾತ್ರ ನನಗೆ ಇನ್ನೂ ಅರಗಿಲ್ಲ. ‘ಬೀಜಗಣಿತ ಭಾಗ ಒಂದಕ್ಕಿಂತ ಭಾಗ ಎರಡು ಚೆನ್ನಾಗಿದೆ’ ಅಂದರು. ಅದಕ್ಕೆ ಇಬ್ಬರು ಹೌದು ಹೌದು ಅಂತ ತಲೆಯಾಡಿಸಿದರು. ಅಷ್ಟಕ್ಕೇ ನಿಲ್ಲದೆ ನಾಲ್ಕನೆಯವರು, ‘ಭಾಗ ಒಂದರ ಮೇಷ್ಟ್ರು ಸ್ವಲ್ಪ ಫಾಸ್ಟ್ ಆಯ್ತು’ ಅಂತ ವಿಮರ್ಶೆಗೂ ಇಳಿದರು. ಲಿಂಕಪ್ಪನವರು ಸಂತೋಷದಿಂದ, ‘ಭಾಗ ಮೂರು ಇನ್ನೂ ಚೆನ್ನಾಗಿದೆ, ಹುಡುಕಿ ಕಳಿಸ್ತೀನಿ’ ಅಂದರು.

ನಾನು ಏನು ಹೇಳಲಿ? ಅಷ್ಟು ಜನ ಸೇರಿ ಇಲ್ಲದ ಮೇಷ್ಟ್ರೊಬ್ಬರನ್ನು ಸೃಷ್ಟಿ ಮಾಡಿ, ಅವರಿಗೆ ವೇಗ ಕೊಟ್ಟು, ಗುಣದೋಷ ಕೊಟ್ಟು ಕೂರಿಸಿಬಿಟ್ಟಿದ್ದಾರೆ. ನಾನು ಬಾಯಿ ಬಿಟ್ಟರೆ ಆ ಪಾಪದ ಮೇಷ್ಟ್ರ ಕೆಲಸ ಹೋಗುತ್ತದೆ.

ನಮ್ಮ ಗುಂಪಿನವರೇ ಹೀಗೆ ಅಂದುಕೊಳ್ಳಬೇಡಿ. 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರೂ ಫ್ರಾನ್ಸಿನ ಇನ್ರಿಯಾ ಸಂಸ್ಥೆಯವರೂ ಸೇರಿ, ಟ್ವಿಟರ್‌ನಲ್ಲಿ ಜನ ಹಂಚಿಕೊಂಡ ಸುದ್ದಿಯ ಲಿಂಕುಗಳನ್ನು ಲೆಕ್ಕ ಹಾಕಿದ್ದರು. ಅದರಲ್ಲಿ ಶೇ. 59ರಷ್ಟನ್ನು ಒಬ್ಬರೂ ಒತ್ತಿಯೇ ಇರಲಿಲ್ಲ. 2020ರಲ್ಲಿ ಟ್ವಿಟರ್, ‘ಹಂಚುವ ಮೊದಲು ಒಂದ್ಸಲ ಓದಬಹುದಲ್ಲ?’ ಅಂತ ಬಳಕೆದಾರರನ್ನು ಕೇಳಿ ನೋಡುವ ಪ್ರಯೋಗವನ್ನೂ ಮಾಡಿತು. ಇಷ್ಟು ನಾಜೂಕಾಗಿ ಲಿಂಕಪ್ಪನವರನ್ನು ಕೇಳುವುದು ನನ್ನಿಂದ ಆಗಲಿಲ್ಲ. ಒಮ್ಮೆ ಫೋನಿನಲ್ಲಿ ನೇರವಾಗಿಯೇ ಕೇಳಿದ್ದೆ.

‘ಸರ್, ಇದನ್ನೆಲ್ಲ ನೀವು ಯಾವಾಗ ಓದ್ತೀರಿ?’

‘ನಾನಾ? ನನಗೆಲ್ಲಿ ಟೈಮು! ಹುಡುಕೋದು, ಕಳಿಸೋದರಲ್ಲೇ ದಿನ ಹೋಗುತ್ತೆ. ನಿಮ್ಮಂಥವರು ಓದ್ತೀರಲ್ಲ, ಸಾಕು.’

ಅವರ ದನಿಯಲ್ಲಿ ಒಂದಿಷ್ಟೂ ನಾಚಿಕೆ ಇರಲಿಲ್ಲ. ಒಂಥರಾ ತ್ಯಾಗದ ಧಾಟಿ ಇತ್ತು. ಮೇಲಿನವರು ನಮಗಾಗಿ ಓದದೆ ಉಳಿದಿದ್ದಾರೆ, ನಾವು ಕೆಳಗಿನವರಿಗಾಗಿ ಓದದೆ ದಾಟಿಸುತ್ತಿದ್ದೇವೆ. ವಾಟ್ಸ್ಆ್ಯಪ್ 2019ರಲ್ಲಿ ಪ್ರಪಂಚದ ಎಲ್ಲರಿಗೂ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅಂತ ಮಿತಿ ಹಾಕಿದಾಗ ಲಿಂಕಪ್ಪನವರು ನೊಂದುಕೊಂಡಿದ್ದರು. ಈಗ ಐದೈದಾಗಿ ಕಳಿಸುತ್ತಾರೆ.

ಒಳ್ಳೆಯದನ್ನು ಆರಿಸಿ ಕೊಡುವುದು ನಿಜವಾಗಿ ದೊಡ್ಡ ಕೆಲಸ. 1945ರಲ್ಲೇ ವ್ಯಾನೆವರ್ ಬುಷ್ ಅನ್ನುವ ಅಮೆರಿಕದ ಎಂಜಿನಿಯರ್ ಇದರ ಬಗ್ಗೆ ಬರೆದಿದ್ದರು. ಕಂಪ್ಯೂಟರ್ ಇನ್ನೂ ಕೋಣೆಯಷ್ಟು ದೊಡ್ಡದಿದ್ದ ಕಾಲ. ಅವರ ಕಲ್ಪನೆಯಲ್ಲಿ ಮೇಜಿನಂಥ ಒಂದು ಯಂತ್ರ, ಅದರೊಳಗೆ ಪುಸ್ತಕ ಪತ್ರ ಎಲ್ಲ, ಒಂದರಿಂದ ಇನ್ನೊಂದಕ್ಕೆ ದಾರಿ. ಅದಕ್ಕೆ ಮೆಮೆಕ್ಸ್ ಅಂತ ಹೆಸರಿಟ್ಟಿದ್ದರು. ಈ ಜ್ಞಾನದ ಕಾಡಿನಲ್ಲಿ ಬೇರೆಯವರಿಗಾಗಿ ದಾರಿ ಮಾಡಿಕೊಡುವುದೇ ಒಂದು ವೃತ್ತಿಯಾಗುತ್ತದೆ ಅಂತಲೂ ಅವರು ಊಹಿಸಿದ್ದರು. ಬುಷ್ ಅವರ ಯಂತ್ರದಲ್ಲಿ ಓದುಗ ನಡುನಡುವೆ ತನ್ನ ಟಿಪ್ಪಣಿಯನ್ನೂ ಬರೆದು ಸೇರಿಸುತ್ತಿದ್ದ. ನಾವು ಟಿಪ್ಪಣಿ ಬಿಟ್ಟು ಉಳಿದದ್ದೆಲ್ಲ ಮಾಡಿಕೊಂಡಿದ್ದೇವೆ.

ಕೂಡಿಡುವುದಕ್ಕೆ ಸೌಲಭ್ಯ ಕಡಿಮೆಯೇನಿರಲಿಲ್ಲ ಬಿಡಿ. 2003ರಲ್ಲಿ ಡೆಲಿಷಿಯಸ್ ಅನ್ನುವ ತಾಣ ಬಂತು, ನಿಮ್ಮ ಬುಕ್‌ಮಾರ್ಕುಗಳನ್ನು ಹಣೆಪಟ್ಟಿ ಹಚ್ಚಿ ಊರಿಗೆಲ್ಲ ತೋರಿಸಬಹುದಿತ್ತು. ಹೋಯಿತು. ಬೇರೆ ಬೇರೆ ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ತಂದುಕೊಡುತ್ತಿದ್ದ ಗೂಗಲ್ ರೀಡರ್ 2013ರಲ್ಲಿ ಹೋಯಿತು. ಲೇಖನಗಳನ್ನು ಕೂಡಿಡುವ ಪಾಕೆಟ್ ಆ್ಯಪ್ 2025ರ ಜುಲೈನಲ್ಲಿ ಮುಚ್ಚಿತು. ಪಾಕೆಟ್ಟಿನ ಮೊದಲ ಹೆಸರು ‘ರೀಡ್ ಇಟ್ ಲೇಟರ್’. ಆಮೇಲೆ ಓದ್ತೀನಿ ಅಂತ! ಇಷ್ಟು ಪ್ರಾಮಾಣಿಕವಾದ ಹೆಸರನ್ನು ಯಾಕೆ ಬದಲಾಯಿಸಿದರೋ. ಅದು ಮುಚ್ಚಿದ ಸುದ್ದಿ ಕೇಳಿ ಗುಂಪಿನಲ್ಲಿ ದೊಡ್ಡ ಶೋಕಾಚರಣೆ ನಡೆಯಿತು. ಹಾಕಿಟ್ಟ ಲೇಖನಗಳ ಹೆಸರು ಮಾತ್ರ ಯಾರಿಗೂ ನೆನಪಿರಲಿಲ್ಲ.

ಇನ್ನು ಕೆಲವರು ಸೇವ್ ಕೂಡ ಮಾಡುವುದಿಲ್ಲ, ಟ್ಯಾಬ್ ತೆರೆದೇ ಬಿಟ್ಟಿರುತ್ತಾರೆ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ತೆರೆದ ಟ್ಯಾಬುಗಳು ನೂರು ಮುಟ್ಟಿದರೆ ಅದು ಎಣಿಸುವುದನ್ನು ನಿಲ್ಲಿಸಿ, ಅಂಕಿಯ ಜಾಗದಲ್ಲಿ ಹಲ್ಲು ಬಿಟ್ಟು ನಗುವ ಮುಖ ತೋರಿಸುತ್ತದೆ. ನನ್ನ ಗೆಳತಿಯ ಫೋನಿನಲ್ಲಿ ಆ ಮುಖ ಕಾಯಂ ಆಗಿ ನಗುತ್ತಿರುತ್ತದೆ. ಅವಳು ಅದನ್ನು ಕ್ರೋಮ್‌ನ ಗುರುತು ಅಂತಲೇ ತಿಳಿದಿದ್ದಳು.

ಹಿಂದೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮಗೊಬ್ಬರು ಹಿರಿಯರಿದ್ದರು. ಅವರು ಲಿಂಕ್ ಕಳಿಸುತ್ತಿದ್ದದ್ದು ತುಂಬಾ ಅಪರೂಪ, ಅದೂ ಇಮೇಲಿನಲ್ಲಿ. ಪ್ರತಿ ಲಿಂಕಿನ ಕೆಳಗೆ ಅವರದೇ ಒಂದೆರಡು ಸಾಲು ಇರುತ್ತಿತ್ತು. ‘ಮೊದಲ ಹತ್ತು ನಿಮಿಷ ಬಿಡು, ತಮ್ಮ ಪರಿಚಯ ಹೇಳಿಕೊಳ್ತಾರೆ.’ ‘ಮೂರನೇ ಭಾಗ ಅರ್ಥ ಆಗದಿದ್ರೆ ಚಿಂತೆ ಬೇಡ, ಬರೆದವನಿಗೂ ಆಗಿಲ್ಲ.’ ‘ಇದನ್ನು ಈಗ ಓದಬೇಡ, ಆ ಕೆಲಸ ಒಂದ್ಸಲ ಕೆಟ್ಟ ಮೇಲೆ ಓದು.’ ಅವರು ಹೇಳಿದ ಹಾಗೆಯೇ ಕೆಲಸ ಒಂದ್ಸಲ ಕೆಟ್ಟಿತು, ಆಗ ಓದಿದೆ, ತಲೆಗೆ ಹೋಯಿತು. ಯಾವುದನ್ನು ಓದಬಾರದು ಅಂತ ಹೇಳುವವರು ಆಮೇಲೆ ನನಗೆ ಸಿಗಲಿಲ್ಲ. ಅವರು ಕೆಲಸ ಬದಲಾಯಿಸಿದರು, ಸಂಪರ್ಕ ತಪ್ಪಿಹೋಯಿತು.

ಮೊನ್ನೆ ಸಿಟ್ಟಿನಲ್ಲಿ ಆ ಹಳೆಯ ಇಮೇಲುಗಳನ್ನು ತೆಗೆದು ನೋಡಿದೆ. ಎಷ್ಟೋ ಲಿಂಕುಗಳು ಸತ್ತಿವೆ. ಇದು ನನ್ನೊಬ್ಬಳ ಪಾಡಲ್ಲ. 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದಲ್ಲಿ ಸಿಗದಂತಾಗಿವೆ ಅಂತ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಹೇಳಿತ್ತು. ಆದರೆ ಇಂಟರ್ನೆಟ್ ಆರ್ಕೈವ್ ಅನ್ನುವ ಪುಣ್ಯಾತ್ಮರಿದ್ದಾರೆ. 1996ರಿಂದ ವೆಬ್ ಪುಟಗಳ ನಕಲು ತೆಗೆದಿಡುತ್ತಿದ್ದಾರೆ. ಅವರ ವೇಬ್ಯಾಕ್ ಮೆಷಿನ್‌ನಲ್ಲಿ ಸತ್ತ ಲಿಂಕನ್ನು ಹಾಕಿ ಹುಡುಕಿದರೆ ಎಷ್ಟೋ ಸಲ ಹಳೆಯ ಪುಟ ಹಾಗೇ ಎದ್ದು ಬರುತ್ತದೆ. ಹಿರಿಯರು ಕೊಟ್ಟಿದ್ದ ಒಂದು ಪುಟ ಸಿಕ್ಕೇಬಿಟ್ಟಿತು. ಚಿತ್ರಗಳು ಇರಲಿಲ್ಲ, ಅಕ್ಷರ ಇತ್ತು.

ಆ ಖುಷಿಯಲ್ಲಿ ವೇಬ್ಯಾಕ್ ಮೆಷಿನ್ನಿನ ಲಿಂಕನ್ನು ಗುಂಪಿಗೆ ಹಾಕಿದೆ. ಸುಮ್ನೆ ಹಾಕಲಿಲ್ಲ. ಮೇಲೆ ಎರಡು ಸಾಲು ಬರೆದೆ: ‘404 ಬಂದರೆ ಆ ಲಿಂಕನ್ನು ಇಲ್ಲಿ ಅಂಟಿಸಿ, ತಾರೀಖು ಆರಿಸಿ. ಸಿಕ್ಕರೆ ಪಠ್ಯವನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ. ವಿಡಿಯೊ ಸಿಗುತ್ತೆ ಅಂತ ನೆಚ್ಚಿಕೊಳ್ಳಬೇಡಿ.’

ಹೆಬ್ಬೆಟ್ಟುಗಳು ಬಂದವು. ಸ್ವಲ್ಪ ಹೊತ್ತಿಗೆ ಲಿಂಕಪ್ಪನವರು ಬೇರೆಯಾಗಿ, ನನಗೊಬ್ಬಳಿಗೇ ಒಂದು ಸಂದೇಶ ಕಳಿಸಿದರು.

‘ಮೇಡಂ, ತುಂಬಾ ಉಪಯುಕ್ತ. ಮೇಲಿನ ಎರಡು ಸಾಲು ತೆಗೆದು ಬರೀ ಲಿಂಕ್ ಕಳಿಸ್ತೀರಾ? ಫಾರ್ವರ್ಡ್ ಮಾಡೋಕೆ ಅದು ಸ್ವಲ್ಪ ಅಡ್ಡ ಬರ್ತಿದೆ.’

ಓದಿದ್ದೇನೆ. ನೀಲಿ ಗೆರೆ ಬಿದ್ದಿದೆ, ಅವರಿಗೂ ಕಂಡಿರುತ್ತದೆ. ಉತ್ತರ ಇನ್ನೂ ಕೊಟ್ಟಿಲ್ಲ.