ಹಳೇ ಕಟ್ಟಡದ ರಿಪೇರಿಗೆ ಹೊಸ ಮನೆ ದುಡ್ಡು ಕೊಡಬೇಕೇ? ಇಂಗ್ಲೆಂಡಿನ ಸುರಕ್ಷತಾ ತೆರಿಗೆ: ಪರ-ವಿರೋಧ

ಪರ: ಕೊಡಲೇಬೇಕು

ಲಂಡನ್ನಿನ ಗ್ರೆನ್‌ಫೆಲ್ ಟವರ್ ನೆನಪಿದೆ ಅಲ್ವಾ? 2017ರ ಜೂನ್ 14ರಂದು ನಸುಕಿನಲ್ಲಿ ಒಂದು ಫ್ಲಾಟಿನ ಫ್ರಿಜ್‌ಗೆ ಹತ್ತಿದ ಬೆಂಕಿ ಹೊರಗೋಡೆಯ ಹೊದಿಕೆ, ಅಂದರೆ ಕ್ಲಾಡಿಂಗ್‌ಗೆ ತಗುಲಿ 24 ಮಹಡಿಯನ್ನೂ ನುಂಗಿತು. 72 ಜನ ಸತ್ತರು. ಎರಡು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಪ್ಲಾಸ್ಟಿಕ್, ಅಷ್ಟೇ ಆ ಕ್ಲಾಡಿಂಗ್.

ಆಮೇಲೆ ಹುಡುಕಿದರೆ ಅಪಾಯದ ಹೊದಿಕೆ ಇರುವ ಕಟ್ಟಡಗಳು ದೇಶದ ತುಂಬಾ ಸಿಕ್ಕವು. ಅಲ್ಲಿ ಫ್ಲಾಟ್ ಕೊಂಡವರು ನಮ್ಮಲ್ಲಿಯ ಹಾಗೆ ಪೂರ್ತಿ ಮಾಲೀಕರಲ್ಲ, ಹೆಚ್ಚಿನವರು ದೀರ್ಘಾವಧಿ ಲೀಸ್‌ನವರು, ಆದರೂ ರಿಪೇರಿ ಬಿಲ್ ಬಂದಿದ್ದು ಅವರ ಮನೆಬಾಗಿಲಿಗೆ. ಬೆಂಕಿ ಬಿದ್ದೀತೆಂದು ರಾತ್ರಿಯಿಡೀ ಕಾಯುವ ಕಾವಲುಗಾರರ ಸಂಬಳವೂ ಅವರದೇ ತಲೆಗೆ. ಮಾರೋಣ ಎಂದರೆ ಬ್ಯಾಂಕುಗಳು ಅಂಥ ಫ್ಲಾಟಿಗೆ ಸಾಲವನ್ನೇ ಕೊಡುತ್ತಿರಲಿಲ್ಲ. ಇವರು ಮಾಡಿದ ತಪ್ಪಾದರೂ ಏನು?

ಅದಕ್ಕೇ, ಇಂಥ ಕಟ್ಟಡಗಳ ರಿಪೇರಿಗೆ ಹೊಸ ಮನೆ ಕಟ್ಟುವ ಬಿಲ್ಡರ್‌ಗಳಿಂದ ದುಡ್ಡು ಎತ್ತಲು, 2022ರ ಕಟ್ಟಡ ಸುರಕ್ಷತಾ ಕಾಯ್ದೆಯಲ್ಲಿ ಈ ತೆರಿಗೆಗೆ ಜಾಗ ಮಾಡಿದರು. 2026ರ ಅಕ್ಟೋಬರ್ 1ರಿಂದ ಅನ್ವಯ. 10 ಅಥವಾ ಹೆಚ್ಚು ಮನೆಗಳ ಹೊಸ ಯೋಜನೆಯಾದರೆ ಚದರ ಮೀಟರ್ ಲೆಕ್ಕದಲ್ಲಿ ತೆರಿಗೆ ಕಟ್ಟಬೇಕು. ವಸೂಲಿ ಸ್ಥಳೀಯ ಕೌನ್ಸಿಲ್‌ನದು. ದುಡ್ಡು ಕಟ್ಟದಿದ್ದರೆ ಕಟ್ಟಡ ಮುಗಿದ ಸರ್ಟಿಫಿಕೇಟ್ ಸಿಗುವುದಿಲ್ಲ. ಹತ್ತು ವರ್ಷದಲ್ಲಿ ಸುಮಾರು 340 ಕೋಟಿ ಪೌಂಡ್ ಬರಲಿ ಎಂಬುದು ಗುರಿ.

ದರವನ್ನು ಊರಿನ ಮನೆ ಬೆಲೆ ನೋಡಿ ಇಟ್ಟಿದ್ದಾರೆ, ಇದು ನನಗೆ ತುಂಬಾ ಸರಿ ಅನ್ನಿಸಿದ ಭಾಗ. ಗ್ರೆನ್‌ಫೆಲ್ ಇರುವ ಕೆನ್ಸಿಂಗ್ಟನ್-ಚೆಲ್ಸಿಯಲ್ಲಿ ಚದರ ಮೀಟರಿಗೆ ಸುಮಾರು 100 ಪೌಂಡ್, ಉತ್ತರದ ಕೌಂಟಿ ಡರ್ಹಾಮ್‌ನಲ್ಲಿ 13ರ ಆಸುಪಾಸು. ಮೊದಲೇ ಬಳಸಿದ ಜಾಗದಲ್ಲಿ ಕಟ್ಟಿದರೆ ಅರ್ಧ. ಕಡಿಮೆ ವರಮಾನದವರ ಮನೆ, ಆರೈಕೆ ಕೇಂದ್ರಗಳಿಗೆ ತೆರಿಗೆಯೇ ಇಲ್ಲ. ಇನ್ನು ಬಿಲ್ಡರ್‌ಗಳು ಜಾಗ ಕೊಳ್ಳುವಾಗ ಮನೆ ಎಷ್ಟಕ್ಕೆ ಮಾರುತ್ತೆ ಅಂತ ನೋಡಿ, ಖರ್ಚು ಕಳೆದು, ಉಳಿದಿದ್ದರಲ್ಲಿ ಜಮೀನಿಗೆ ಬೆಲೆ ಕಟ್ಟುತ್ತಾರೆ. ತೆರಿಗೆ ಮೊದಲೇ ಗೊತ್ತಿದ್ದರೆ ಅದು ಜಮೀನಿನ ಬೆಲೆಯಲ್ಲೇ ಕಳೆದುಹೋಗುತ್ತದೆ. ಮನೆ ಕೊಳ್ಳುವವರ ಜೇಬಿಗೇ ಕೈ ಹಾಕಿದರು ಅನ್ನುವುದು ಅಷ್ಟು ಸರಿಯಲ್ಲ.

ವಿರೋಧ: ತಪ್ಪು ಜನರ ಹತ್ತಿರ ವಸೂಲಿ

ಸತ್ತವರಿಗೆ, ಬಿಲ್ ನೋಡಿ ನಿದ್ದೆಗೆಟ್ಟವರಿಗೆ ನ್ಯಾಯ ಸಿಗಬೇಕು. ಅದರಲ್ಲಿ ನನ್ನದು ಎರಡು ಮಾತಿಲ್ಲ. ಆದರೆ ಗ್ರೆನ್‌ಫೆಲ್ 1974ರ ಕಟ್ಟಡ, ಆ ಕ್ಲಾಡಿಂಗ್ ಹಾಕಿದ್ದು 2016ರಲ್ಲಿ ಮುಗಿದ ನವೀಕರಣದಲ್ಲಿ. ಡರ್ಹಾಮ್‌ನಲ್ಲಿ ಹನ್ನೆರಡು ಇಟ್ಟಿಗೆ ಮನೆ ಕಟ್ಟುವ ಸಣ್ಣ ಬಿಲ್ಡರ್‌ಗೂ ಅದಕ್ಕೂ ಏನು ಸಂಬಂಧ?

ಗ್ರೆನ್‌ಫೆಲ್ ವಿಚಾರಣಾ ಆಯೋಗ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಅಂತಿಮ ವರದಿ, ಕ್ಲಾಡಿಂಗ್ ಮತ್ತು ಶಾಖನಿರೋಧಕ ತಯಾರಿಸಿದ ಕಂಪನಿಗಳು ಬೇಕೆಂದೇ ಜನರನ್ನು ದಾರಿ ತಪ್ಪಿಸಿದವು ಎಂದು ಸ್ಪಷ್ಟವಾಗಿ ಹೇಳಿದೆ. ಈ ತೆರಿಗೆಯಲ್ಲಿ ಆ ಕಂಪನಿಗಳಿಗೆ ಒಂದು ಪೈಸೆಯ ಭಾರವೂ ಇಲ್ಲ! ದೊಡ್ಡ ಬಿಲ್ಡರ್‌ಗಳ ಮೇಲೆ 2022ರ ಏಪ್ರಿಲ್‌ನಿಂದಲೇ, 2.5 ಕೋಟಿ ಪೌಂಡ್ ದಾಟಿದ ಲಾಭಕ್ಕೆ ಶೇ 4ರ ಬೇರೆ ತೆರಿಗೆ ಇದೆ. ಬೇಕಿದ್ದರೆ ಅದನ್ನೇ ಹೆಚ್ಚಿಸಬಹುದಿತ್ತು. ಅದು ಲಾಭ ಬಂದವರ ಮೇಲೆ ಬೀಳುತ್ತದೆ. ಇದು ಲಾಭವೋ ನಷ್ಟವೋ ಕೇಳುವುದೇ ಇಲ್ಲ, ಅಳತೆ ಹಿಡಿದು ವಸೂಲಿ ಮಾಡುತ್ತದೆ.

ಜಮೀನಿನ ಬೆಲೆ ಇಳಿಯುತ್ತೆ ಅನ್ನುವ ಮಾತು ಕಾಗದದ ಮೇಲೆ ಚೆನ್ನಾಗಿದೆ. ಎಷ್ಟೋ ಜನ ಹಳೇ ಬೆಲೆಗೆ ಜಾಗ ಕೊಂಡು ಕೂತಿದ್ದಾರಲ್ಲ, ಅವರ ಗತಿ? ಜಮೀನಿನ ಮಾಲೀಕನಿಗೂ ಮಾರುವ ಅವಸರವಿಲ್ಲ, ಬೆಲೆ ಕುದುರುವ ತನಕ ಸುಮ್ನೆ ಕಾಯುತ್ತಾನೆ. ಕೆನ್ಸಿಂಗ್ಟನ್‌ನಲ್ಲಿ 70 ಚದರ ಮೀಟರ್ ಫ್ಲಾಟಿಗೆ 7,000 ಪೌಂಡ್, ಮೊದಲೇ ಬಳಸಿದ ಜಾಗವಾದರೆ 3,500. ಯೋಜನೆ ಗಿಟ್ಟುವುದಿಲ್ಲ ಎಂದು ಕಂಡಾಗ ಬಿಲ್ಡರ್ ಕೌನ್ಸಿಲ್ ಮುಂದೆ ಕೂತು ಮೊದಲು ಕಡಿಮೆ ಮಾಡಿಸುವುದು ಆ ಯೋಜನೆಯಲ್ಲಿನ ಕಡಿಮೆ ವರಮಾನದವರ ಮನೆಗಳ ಸಂಖ್ಯೆಯನ್ನೇ. ಆ ಮನೆಗಳಿಗೆ ವಿನಾಯಿತಿ ಕೊಟ್ಟೂ ಕೊನೆಗೆ ಪೆಟ್ಟು ಬೀಳುವುದು ಅವಕ್ಕೇ.

ಸರ್ಕಾರವೇ 15 ಲಕ್ಷ ಹೊಸ ಮನೆ ಎಂದು ಮಾತು ಕೊಟ್ಟಿದೆ. ಆ ಮನೆಗಳಿಗಾಗಿ ಕಾಯುತ್ತಿರುವವರು ಇವತ್ತೂ ದುಬಾರಿ ಬಾಡಿಗೆ ಕಟ್ಟುತ್ತಿದ್ದಾರೆ.