ದೊಡ್ಡಮ್ಮನ ತಲೆಯ ಮೇಲೊಂದು ತೆಂಗಿನ ಮರ

ದೊಡ್ಡಮ್ಮನ ತಲೆಯಿಂದ ತೆಂಗಿನ ಮರ ಎದ್ದಿರುವುದನ್ನು ಮೊದಲು ಕಂಡವರು ನಮ್ಮ ಫೋಟೋಗ್ರಫಿ ಮೇಷ್ಟ್ರು. ಅಷ್ಟರಲ್ಲಿ ಆ ಫೋಟೋವನ್ನು ನಾನು ನೋಡಿದ್ದೆ, ನನ್ನ ಹೆಂಡತಿ ನೋಡಿದ್ದಳು, ಮನೆಮಂದಿಯ ವಾಟ್ಸಾಪ್ ಗ್ರೂಪಿನಲ್ಲಿ ಅಷ್ಟೂ ಜನ ನೋಡಿ ಹೃದಯದ ಗುರುತು ಒತ್ತಿದ್ದರು. ಮರ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡು ಆರು ತಿಂಗಳಾಗಿತ್ತು. ಜೊತೆಗೆ ಬಂದಿದ್ದ 18-55 ಲೆನ್ಸ್ ಬಿಟ್ಟರೆ ಬೇರೆ ಇರಲಿಲ್ಲ. ನನ್ನ ಫೋಟೋಗಳು ಚೆನ್ನಾಗಿ ಬರದಿರುವುದಕ್ಕೆ ಆ ಲೆನ್ಸೇ ಕಾರಣ ಅಂತ ನಂಬಿದ್ದೆ. ಹೊಸದು ಕೊಳ್ಳುವ ಮಾತೆತ್ತಿದಾಗ ಹೆಂಡತಿ, "ಮೊದಲು ಕಲಿತ್ಕೊಂಡು ಬನ್ನಿ, ಅದು ಅಗ್ಗ" ಅಂದಳು. ಹಾಗಾಗಿ ಭಾನುವಾರ ಬೆಳಿಗ್ಗೆ ಬಸವನಗುಡಿಯ ಒಂದು ಮಹಡಿ ಹತ್ತಿದೆ. ಮೇಷ್ಟ್ರದ್ದು ಒಂದೇ ಷರತ್ತು. ಮೊಬೈಲಿನಲ್ಲಿ ತೋರಿಸಬಾರದು, ಪ್ರಿಂಟ್ ಹಾಕಿಸಿ ತರಬೇಕು. ಹನ್ನೆರಡು ತಂದಿದ್ದೆ.

ದೊಡ್ಡಮ್ಮನ ಫೋಟೋವನ್ನು ಅವರು ಸ್ವಲ್ಪ ಹೊತ್ತು ದಿಟ್ಟಿಸಿದರು. "ಇವರಿಗೆ ಭಾರ ಆಗಲ್ವೇನ್ರೀ?" ಅಂದರು. ಆಮೇಲೆ ವಿವರಿಸಿದರು. ನಮಗೆ ಎರಡು ಕಣ್ಣು. ಮರ ಹಿತ್ತಲ ಆಚೆ ಇದೆ, ದೊಡ್ಡಮ್ಮ ಇಲ್ಲಿದ್ದಾರೆ ಅಂತ ತಿಳಿಯುತ್ತದೆ. ಕ್ಯಾಮೆರಾಕ್ಕೆ ಒಂದೇ ಕಣ್ಣು. ಅದು ಇಬ್ಬರನ್ನೂ ಒಂದೇ ಗೋಡೆಗೆ ಅಂಟಿಸಿಬಿಡುತ್ತದೆ. "ಎರಡು ಹೆಜ್ಜೆ ಪಕ್ಕಕ್ಕೆ ಹೋಗಿದ್ರೆ ಮರ ಬಿಟ್ಟುಹೋಗ್ತಿತ್ತು. ಲೆನ್ಸಿಗೆ ದುಡ್ಡು ಬೇಕು, ಕಾಲಿಗೆ ಬೇಡ." ಲೆನ್ಸಿನ ವಿಷಯ ಇವರಿಗೆ ಯಾರು ಹೇಳಿದರೋ!

ಮುಂದಿನದು ಹಂಪಿ, ವಿಠ್ಠಲ ದೇವಸ್ಥಾನದ ಕಲ್ಲಿನ ರಥ. ಇದರ ಮೇಲೆ ನನಗೆ ಬಹಳ ಭರವಸೆ ಇತ್ತು. ಮೇಷ್ಟ್ರು ಜೇಬಿನಿಂದ 50 ರೂಪಾಯಿ ನೋಟು ತೆಗೆದು ಹಿಂದುಮುಂದು ಮಾಡಿ ಪಕ್ಕದಲ್ಲಿಟ್ಟರು. ನೋಟಿನಲ್ಲೂ ಅದೇ ರಥ. "ಇದರಲ್ಲಿ ಇಲ್ಲದ್ದು ನಿಮ್ಮದರಲ್ಲಿ ಏನಿದೆ?" ನಾನು ಹುಡುಕುತ್ತಿರುವಾಗಲೇ ಅವರೇ ಉತ್ತರ ಕೊಟ್ಟರು. "ಇಳಿಜಾರು!" ನೆಲ ಎಡಕ್ಕೆ ವಾಲಿತ್ತು, ನಿಜ. ಆ ಚಕ್ರಗಳು ಒಂದು ಕಾಲಕ್ಕೆ ತಿರುಗುತ್ತಿದ್ದವಂತೆ, ಸವೆಯಬಾರದು ಅಂತ ಸಿಮೆಂಟ್ ಹಾಕಿ ನಿಲ್ಲಿಸಿದ್ದಾರೆ. "ಅಷ್ಟು ಕಷ್ಟಪಟ್ಟು ನಿಲ್ಲಿಸಿದ್ದನ್ನ ನೀವು ಮತ್ತೆ ತುಂಗಭದ್ರೆ ಕಡೆ ಉರುಳಿಸಿಬಿಟ್ರಲ್ಲ!" ಹಿಂದಿನ ಬೆಂಚಿನಲ್ಲಿದ್ದ ಕಾಲೇಜು ಹುಡುಗಿ ಕಿಸಕ್ಕನೆ ನಕ್ಕಳು. ಆಕೆಯ ಸರದಿ ಇನ್ನೂ ಬಂದಿರಲಿಲ್ಲ.

ರಂಗನತಿಟ್ಟಿನ ಕೊಕ್ಕರೆ ಬಲ ಅಂಚಿಗೆ ಕೊಕ್ಕು ತಾಗಿಸಿ ನಿಂತಿತ್ತು. ಹೋಂವರ್ಕ್ ಮಾಡದೆ ಗೋಡೆ ಕಡೆ ಮುಖ ಮಾಡಿ ನಿಂತ ಹುಡುಗನ ಹಾಗಿದೆ ಅಂದರು. ಅದು ನೋಡುವ ಕಡೆ ಜಾಗ ಬಿಡಬೇಕಿತ್ತು. ಫೋಟೋವನ್ನು ಮೂರು ಸಮ ಪಾಲು ಮಾಡಿದರೆ ಬರುವ ಗೆರೆಯ ಹತ್ತಿರ ಹಕ್ಕಿಯನ್ನು ಇಡಬೇಕಿತ್ತು. ಈ ಲೆಕ್ಕ ಕ್ಯಾಮೆರಾಕ್ಕಿಂತ ಹಳೆಯದಂತೆ. ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲೆಂಡಿನ ಕಲಾವಿದ 1797ರಲ್ಲೇ ಬರೆದಿಟ್ಟಿದ್ದಾನೆ. "ಇನ್ನೂರು ವರ್ಷದ ಮೇಲಾಯ್ತು ಹೇಳ್ತಾ ಇದ್ದಾರೆ" ಅಂದರು ಮೇಷ್ಟ್ರು, ನಾನೇ ಅಷ್ಟೂ ವರ್ಷ ಕ್ಲಾಸಿಗೆ ಚಕ್ಕರ್ ಹೊಡೆದವನಂತೆ. ಅದೇ ದೋಣಿಯಿಂದ ತೆಗೆದ ಮೊಸಳೆಯ ಫೋಟೋ ನೋಡಿ, "ಬಂಡೆ ಚೆನ್ನಾಗಿದೆ" ಅಂದರು. ನಾನು ಸುಮ್ಮನಿದ್ದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದೆ. ಬಂಡೆಯೇ.

ಕೊನೆಗೆ ಲಾಲ್‌ಬಾಗ್. ಆಗಸ್ಟಿನ ಫಲಪುಷ್ಪ ಪ್ರದರ್ಶನ, 1889ರ ಗಾಜಿನ ಮನೆ, ಅದರ ತುಂಬ ಹೂವು, ಹೂವಿಗಿಂತ ಜಾಸ್ತಿ ಜನ. ಎಲ್ಲವೂ ಬರಲಿ ಅಂತ ಹಿಂದೆ ಹಿಂದೆ ಸರಿದು ಯಾರದೋ ಕಾಲು ತುಳಿದು ತೆಗೆದದ್ದು. ಮೇಷ್ಟ್ರು ಇಂಗ್ಲಿಷಿನ 'ಎಲ್' ಆಕಾರಕ್ಕೆ ಕತ್ತರಿಸಿದ ಎರಡು ಕಪ್ಪು ರಟ್ಟು ತೆಗೆದರು. ಚೌಕಟ್ಟಿನಂತೆ ಫೋಟೋದ ಮೇಲಿಟ್ಟು ನಿಧಾನವಾಗಿ ಸರಿಸತೊಡಗಿದರು. ಗಾಜಿನ ಮನೆ ಹೋಯಿತು. ಹೂವು ಹೋಯಿತು. ಸೆಲ್ಫಿ ತೆಗೆದುಕೊಳ್ಳುವವರು ಹೋದರು. ಉಳಿದದ್ದು ಅಂಚೆ ಚೀಟಿಯಷ್ಟು ಜಾಗ. ಅದರಲ್ಲಿ ಅಪ್ಪನ ಹೆಗಲ ಮೇಲೆ ಕೂತ ಒಂದು ಮಗು. ಅಪ್ಪನ ಕಿವಿಯನ್ನು ಹಿಡಿಕೆಯಂತೆ ಹಿಡಿದು, ಬಾಯಿ ತೆರೆದು ಮೇಲೆ ನೋಡುತ್ತಿತ್ತು. "ಇಲ್ಲಿದೆ ನೋಡಿ ನಿಮ್ಮ ಫೋಟೋ."

ಆ ಮಗು ಅಲ್ಲಿದ್ದದ್ದೇ ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಏನೂ ಹೇಳಲು ತೋಚಲಿಲ್ಲ. ಅಂಥವೇ ಎರಡು ರಟ್ಟಿನ ತುಂಡು ನನ್ನ ಹತ್ತಿರ ಇವತ್ತಿಗೂ ಇವೆ. ಮದುವೆಯ ಆಹ್ವಾನ ಪತ್ರಿಕೆಯಿಂದ ಕತ್ತರಿಸಿಕೊಂಡದ್ದು.

ಹೊರಡುವಾಗ ಮೇಷ್ಟ್ರು ಹೇಳಿದರು, "ಒತ್ತೋ ಮುಂಚೆ ನಾಲ್ಕು ಮೂಲೆ ನೋಡಿ. ನಡುವೆ ಇರೋದು ಹೇಗೂ ಕಾಣುತ್ತೆ."

ಮುಂದಿನ ವಾರವೇ ಊರಿಗೆ ಹೋಗಿ ದೊಡ್ಡಮ್ಮನನ್ನು ಮತ್ತೆ ಕೂರಿಸಿದೆ. ಅವರು ಇಳಕಲ್ ಸೀರೆ ಉಟ್ಟು ಬಂದರು. ತೆಂಗಿನ ಮರ ತಪ್ಪಿಸಲು ಎರಡು ಹೆಜ್ಜೆ ಪಕ್ಕಕ್ಕೆ ಹೋದೆ, ಬಟ್ಟೆ ಒಣಹಾಕುವ ತಂತಿ ಕುತ್ತಿಗೆಗೆ ಬಂತು. ಮಂಡಿಯೂರಿದೆ, ತಂತಿ ಮೇಲಕ್ಕೆ ಹೋಯಿತು. ಬಲ ಮೂಲೆಯ ನೀಲಿ ಬಕೆಟ್ ಎತ್ತಿಡಿಸಿದೆ. ಎಡ ಮೂಲೆಯ ಚಪ್ಪಲಿ ತೆಗೆಸಿದೆ. ನೆಲ ಸಮ ಮಾಡಿದೆ. "ಆಯ್ತೇನೋ?" "ಇನ್ನೊಂದು ನಿಮಿಷ ದೊಡ್ಡಮ್ಮ." ಬಿಸಿಲು ಅವರ ಮುಖಕ್ಕೆ ಹೊಡೆಯುತ್ತಿತ್ತು. ನಾಲ್ಕೂ ಮೂಲೆಯನ್ನು ಇನ್ನೊಂದು ಸುತ್ತು ನೋಡಿ ಒತ್ತಿದೆ.

ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಒಯ್ದು ಕೊಟ್ಟೆ. ಮೂಲೆಗಳು ಒರೆಸಿಟ್ಟಂತೆ ಚೊಕ್ಕ. ನಡುವೆ ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು ಶಾಂತವಾಗಿ ಕೂತಿದ್ದರು.

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಆಮೇಲೆ ಗೋಡೆಯ ಮೇಲಿದ್ದ ದೊಡ್ಡಪ್ಪನ ಫೋಟೋ ಕಡೆ ನೋಡಿದರು.

"ಚೆನ್ನಾಗಿದೆ ಕಣೋ. ಒಂದು ಗಂಧದ ಹಾರ ತಂದುಬಿಡು, ಅವರ ಪಕ್ಕದಲ್ಲೇ ಹಾಕೋಣ."